ಎಷ್ಟು ಅರೆಯಬೇಕು?

ಮಗ ತನ್ನ ಹಳೆಯ ಬುಲೆಟ್‌ನ ಸಿಲಿಂಡರ್ ಹೆಡ್ ‘ಪೋರ್ಟಿಂಗ್’ ಮಾಡಿಸಲೇಬೇಕೆಂದು ಹಟ ಹಿಡಿದ. ಎಂಜಿನ್ನಿಗೆ ಗಾಳಿ, ಪೆಟ್ರೋಲು ಹೋಗುವ, ಹೊಗೆ ಹೊರಬರುವ ದಾರಿಗಳನ್ನು ಅರೆದು ಹದಗೊಳಿಸುವ ಕೆಲಸವಂತೆ ಅದು. ಬಿಚ್ಚಿದ ಹೆಡ್ಡನ್ನು ಚೀಲಕ್ಕೆ ಹಾಕಿಕೊಂಡು ತುಮಕೂರಿನಿಂದ ಬೆಂಗಳೂರಿನ ಜೆ.ಸಿ. ರಸ್ತೆಗೆ ಹೊರಟೆವು. ದುಡ್ಡು ನನ್ನದು, ನಾನೂ ಹೋಗದಿದ್ದರೆ ಹೇಗೆ!

ಮೊದಲ ಅಂಗಡಿಯವನು ಏನೂ ಕೇಳದೆ, “ಬಿಟ್ಟುಹೋಗಿ, ರಾಕೆಟ್ ಮಾಡಿಕೊಡ್ತೀನಿ” ಎಂದ. ಎರಡನೆಯವನು ಕೈಯೊರೆಸಿಕೊಳ್ಳುತ್ತಾ, “ರೇಸಿಗಾ, ದಿನಾ ಓಡಾಡೋಕಾ?” ಎಂದು ಕೇಳಿದ. ಓಡಾಟಕ್ಕೆ ಎಂದೆವು. “ಹಂಗಾದ್ರೆ ಒರಟು ಮಾತ್ರ ತೆಗೀತೀನಮ್ಮ. ದಾರಿ ತೀರಾ ದೊಡ್ಡದಾದ್ರೆ ಗಾಳಿ ವೇಗ ಕಳ್ಕೊಳ್ಳುತ್ತೆ, ನಿಧಾನಕ್ಕೆ ಹೋಗುವಾಗ ಗಾಡಿ ಎಳೆಯಲ್ಲ. ಅರೆದ ಮೇಲೆ ತಿರುಗಿ ತುಂಬೋದು ಕಷ್ಟ.”

ಕೂಲಿ ಕಡಿಮೆಯಾಗುವ ಮಾತನ್ನೇ ಆಡಿದನಲ್ಲ! ರವಿಕೆಯ ಕೊರಳು ಕತ್ತರಿಸುವಾಗ ನಾವೂ ಗೆರೆಯ ಒಳಗೇ ಕತ್ತರಿ ಇಡುತ್ತೇವೆ. ಬಟ್ಟೆಗಿರುವ ಈ ಎಚ್ಚರ ಮಾತಿಗೆ ಇರುತ್ತದೆಯೇ? ಮಗ ಹತ್ತನೆಯ ತರಗತಿಯಲ್ಲಿದ್ದಾಗ, ತಿದ್ದುತ್ತೇನೆಂದು ದಿನವೂ ಪಕ್ಕದ ಮನೆಯ ಹುಡುಗನಿಗೆ ಹೋಲಿಸಿ ಅರೆದೆ. ಒರಟು ಹೋಯಿತು, ನಿಜ. ಅಡುಗೆಮನೆಯ ಕಟ್ಟೆಯ ಮೇಲೆ ಕೂತು ಹರಟುತ್ತಿದ್ದ ಹುಡುಗನೂ ಹೋದ. ಪ್ರೀತಿ ಇದೆಯೆಂದ ಮಾತ್ರಕ್ಕೆ ತಿದ್ದುವ ಹಕ್ಕು ಬಂದುಬಿಡುತ್ತದೆಯೇ? ಏತಕ್ಕೆಂದು ಕೇಳುವುದು, ಎಲ್ಲಿ ನಿಲ್ಲಬೇಕೆಂದು ತಿಳಿಯುವುದು ಬೇಡವೇ? ನಾನು ಆ ಮೊದಲ ಅಂಗಡಿಯವನಂತೆ ಏನನ್ನೂ ಕೇಳಿರಲಿಲ್ಲ.

ಹೆಡ್ಡನ್ನು ಎರಡನೆಯವನಿಗೇ ಕೊಟ್ಟೆವು. ಹಿಂದಿರುಗುವಾಗ ಬಸ್ಸಿನಲ್ಲಿ ಮಗ ವಾಲ್ವು, ಗಾಳಿ, ವೇಗ ಎಂದು ಏನೇನೋ ಹೇಳುತ್ತಲೇ ಹೋದ. ಅರ್ಧ ಅರ್ಥವಾಗಲಿಲ್ಲ. ನಡುವೆ ಮಾತ್ರ ಬಾಯಿ ಹಾಕಲಿಲ್ಲ.