ಹಗಲು ಕಂಡ ಬಾವಿ

‘ಹಗಲು ಕಂಡ ಬಾವಿಗೆ ಇರುಳು ಬಿದ್ದಂಗ.’ ಜಾಮೀನು ನಿಂತು ಹೊಲ ಕಳಕೊಂಡ ಅಣ್ಣನನ್ನು ಕಣ್ಣಾರೆ ಕಂಡ ತಮ್ಮ ತಾನೂ ಹೋಗಿ ಇನ್ನೊಬ್ಬರ ಸಾಲಪತ್ರಕ್ಕೆ ಸಹಿ ಹಾಕಿದಾಗ ಸೇಡಂ ಕಡೆ ಹಿರಿಯರ ಬಾಯಿಂದ ಬರುವ ಮಾತಿದು. ಗೊತ್ತಿಲ್ಲದೆ ಕೆಟ್ಟವನಿಗೆ ಇದು ತಾಗುವುದಿಲ್ಲ. ಗೊತ್ತಿದ್ದೂ ಕೆಟ್ಟವನಿಗೇ ಹೇಳಿದ್ದು.

ಗಾದೆ ಕಟ್ಟಿದವರು ಬಾವಿಯನ್ನೇ ಆರಿಸಿಕೊಂಡದ್ದನ್ನು ಗಮನಿಸಬೇಕು. ಮುಂಜಾನೆ ಕೊಡ ತುಂಬಿಕೊಂಡು ಬಂದ ಬಾವಿ, ಮನೆಮಂದಿಯ ದಾಹ ತೀರಿಸಿದ ಬಾವಿ. ಹುಲಿಗೆ ಅಂಜುವವರು ಅದಕ್ಕೆ ಅಂಜುವುದಿಲ್ಲ. ಇರುಳು ಎಂಬುದರೊಳಗೆ ಅವಸರ, ಸಿಟ್ಟು, ಕುಡಿತ, ದುರಾಸೆಗಳನ್ನೂ ಸೇರಿಸಿ ಓದುತ್ತೇನೆ ನಾನು. ಕಂಡದ್ದನ್ನು ಮರೆಸುವ ಶಕ್ತಿ ಅವಕ್ಕೂ ಇದೆ.

ಸೇಡಂ ತಾಲೂಕಿನ ಕೋಡ್ಲಾದಲ್ಲಿ ನಿಂತು ಈ ಮಾತು ಕೇಳಿದರೆ ಬಾವಿಗಿಂತ ಮೊದಲು ಖಣಿ ನೆನಪಾಗುತ್ತದೆ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಸೀಮೆಯ ನೆಲದಡಿ ಸುಣ್ಣಕಲ್ಲು ಪದರು ಪದರಾಗಿ ಮಲಗಿದೆ. ಉಳಿ, ಸುತ್ತಿಗೆ, ಹಾರೆ ಹಿಡಿದು ಪದರು ಎಬ್ಬಿಸಿದರೆ ಫರ್ಸಿ. ಅರೆದು ಭಟ್ಟಿಗೆ ಹಾಕಿದರೆ ಸಿಮೆಂಟು. ಕಲ್ಲು ಮುಗಿದ ಮೇಲೆ ಉಳಿಯುವ ಗುಂಡಿ ಮಳೆಗಾಲಕ್ಕೆ ತುಂಬುತ್ತದೆ. ಕೆರೆಗಿರುವ ಇಳಿಜಾರು ದಂಡೆ ಇದಕ್ಕಿಲ್ಲ. ಕಲ್ಲು ಕಿತ್ತ ಕಡೆ ನೆಲ ನೆಟ್ಟಗೆ ಕೆಳಗಿಳಿದಿರುತ್ತದೆ. ಮೇಲಿನ ಪದರಿನ ಮೇಲೆ ನಿಂತರೆ ಮೊಣಕಾಲಷ್ಟು ನೀರು. ಪಾಚಿಗೆ ಕಾಲು ಜಾರಿ ಒಂದು ಹೆಜ್ಜೆ ಮುಂದೆ ಬಿದ್ದರೆ ಆಳುದ್ದಕ್ಕೂ ಮಿಕ್ಕಿದ ನೀರು. ಹಿಡಿದು ಮೇಲೆ ಬರಲು ಬೇರಿಲ್ಲ, ಹುಲ್ಲಿಲ್ಲ. ಬೇಸಿಗೆಯಲ್ಲಿ ತಳ ಕಂಡ ಊರವರಿಗೆ ಇದೆಲ್ಲ ಗೊತ್ತು.

ಕಲ್ಲಿನ ಕೆಲಸಕ್ಕೆ ದೂರದಿಂದ ಬಂದವರ ಮಗುವಿಗೆ ಗೊತ್ತಿಲ್ಲ. ಆಡಿನ ಹಿಂದೆ ಪಕ್ಕದೂರಿಂದ ಓಡಿಬಂದ ಹುಡುಗನಿಗೂ ಗೊತ್ತಿಲ್ಲ. ಅವರು ಬಿದ್ದರೆ ಈ ಗಾದೆಯನ್ನು ಅವರ ಮೇಲೆ ಹಾಕುವುದು ಅನ್ಯಾಯ. ಹಗಲು ಕಂಡವರು ನಾವು. ಕಂಡೂ ಸುಮ್ಮನಿದ್ದ ನಮಗೇ ಅದು ಸಲ್ಲಬೇಕು. ತೆರೆದ ಗಣಿಯ ಅಂಚಿಗೆ ಭದ್ರವಾದ ಬೇಲಿ ಇರಬೇಕೆಂದು 1961ರ ಗಣಿ ನಿಯಮಾವಳಿಯೇ ಹೇಳುತ್ತದೆ. ಸಾಮಾನು ಹುಡುಕಿಕೊಂಡು ದೂರ ಹೋಗಬೇಕಿಲ್ಲ. ಫರ್ಸಿ ನಿಲ್ಲಿಸಿ ನೆಟ್ಟು ಆವರಣ ಮಾಡುವುದು ನಮ್ಮ ಸೀಮೆಯವರಿಗೆ ಕೈಗೆ ಹತ್ತಿದ ಕೆಲಸ. ಮಾರಾಟವಾಗದ ಮುರುಕು ಕಲ್ಲು ಗುಂಡಿಯ ದಂಡೆಗೇ ರಾಶಿ ಬಿದ್ದಿರುತ್ತದೆ. ಮಿರಗದ ಮಳೆಗೆ ಮುನ್ನ ಅದನ್ನು ಎದೆಮಟ್ಟ ನೆಡಿಸಬೇಕು. ಕಲ್ಲು ತೆಗೆದು ದುಡ್ಡು ಮಾಡಿದವರೇ ನೆಡಿಸಬೇಕು. ಅವರು ಊರು ಬಿಟ್ಟಿದ್ದರೆ, ಅವರು ಬರುವ ದಾರಿ ಕಾಯದೆ ಊರವರೇ ಕೈಹಾಕಬೇಕು.