ತಿದ್ದಬಹುದಾದ ಬರೆಹ ಮತ್ತು ಸತ್ಯವ್ರತ

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳ ಬಂಡೆಗಳ ಮೇಲೆ ಅಶೋಕನು ಕೊರೆಯಿಸಿದ ಶಾಸನಗಳನ್ನು 1892ರಲ್ಲಿ ಬಿ. ಎಲ್. ರೈಸರು ಬೆಳಕಿಗೆ ತಂದರು. ಸುವರ್ಣಗಿರಿಯ ಆರ್ಯಪುತ್ರನೆಂಬ ರಾಜಕುಮಾರನೂ ಮಹಾಮಾತ್ರರೆಂಬ ಹಿರಿಯ ಅಧಿಕಾರಿಗಳೂ ಇಸಿಲದ ಅಧಿಕಾರಿಗಳ ಕುಶಲವನ್ನು ಕೇಳಿ ಕಳುಹಿದ ಓಲೆಯ ರೂಪದ ಆ ಶಾಸನದಲ್ಲಿ ತಾಯಿತಂದೆಯರ ಶುಶ್ರೂಷೆ, ಪ್ರಾಣಿದಯೆ ಇವುಗಳೊಡನೆ ಸತ್ಯವನ್ನೇ ನುಡಿಯತಕ್ಕದ್ದೆಂಬ ವಿಧಿಯೂ ಉಂಟು. ಕೊನೆಯಲ್ಲಿ ಲಿಪಿಕಾರ ಚಪಡನು ತನ್ನ ಹೆಸರನ್ನೂ ಬರೆದಿದ್ದಾನೆ. ಬರೆದವನು ಬರೆಹಕ್ಕೆ ಹೆಸರು ಹಾಕಿ ಹೊಣೆಯಾಗುವುದು ನಮ್ಮ ಸೀಮೆಗೆ ಹೊಸತಲ್ಲವೆಂದಾಯಿತು.

ಕಲ್ಲಿನಲ್ಲಿ ಕೊರೆದುದನ್ನು ತಿದ್ದುವುದು ದುಸ್ಸಾಧ್ಯ. ಕಾಗದದ ಪತ್ರಿಕೆಯು ಓದುಗನ ಮನೆ ಸೇರಿದ ಮೇಲೆ ಸಂಪಾದಕನ ವಶದಲ್ಲಿರದು. ತಪ್ಪಾದರೆ ಮರುದಿನ ತಿದ್ದುಪಡಿಯನ್ನು ಅಚ್ಚುಮಾಡುವುದೊಂದೇ ದಾರಿ. ಜಾಲತಾಣವನ್ನು ನಡೆಸುವ ಊರಪತ್ರಿಕೆಗಾದರೋ, ಬೆಳಗ್ಗೆ ಬರೆದುದನ್ನು ಮಧ್ಯಾಹ್ನದೊಳಗೆ ಯಾರಿಗೂ ಅರಿವಾಗದಂತೆ ಅಳಿಸಿ ಬೇರೊಂದನ್ನಿರಿಸುವ ಸ್ವಾತಂತ್ರ್ಯ ಒದಗಿದೆ, ಪ್ರಲೋಭನೆಯೆಂದರೂ ಸಲ್ಲುವುದು. ಚಳ್ಳಕೆರೆಯ ಮಾರುಕಟ್ಟೆಯ ಶೇಂಗಾ ಧಾರಣೆಯನ್ನು ಕೈತಪ್ಪಿ ಹೆಚ್ಚಾಗಿ ಹಾಕಿದರೆಂದು ಭಾವಿಸೋಣ. ಮೊಬೈಲಿನಲ್ಲಿ ಅದನ್ನು ಕಂಡು, ಚೀಲಗಳನ್ನು ಗಾಡಿಗೆ ಹೇರಿಸಿ ಹೊರಟ ರೈತನು ಮಾರುಕಟ್ಟೆಯನ್ನು ತಲುಪುವ ವೇಳೆಗೆ ಪುಟದಲ್ಲಿ ಸರಿಯಾದ ಅಂಕಿಯೇ ಇರುತ್ತದೆ. ಪುಟವು ಈಗ ಹೇಳುತ್ತಿರುವುದು ಸತ್ಯ, ಪತ್ರಿಕೆಯು ಸತ್ಯವಂತವೆ? ತಾನು ಕಂಡದ್ದನ್ನು ಹೇಳಹೊರಟ ರೈತನೇ ಸುಳ್ಳುಗಾರನಾಗಿ ನಿಲ್ಲಬೇಕಾಯಿತಲ್ಲ!

ಮಾತು ವಸ್ತುಸ್ಥಿತಿಗೆ ಹೊಂದಿದರೆ ಸಾಕು, ಅದೇ ಸತ್ಯ ಎಂಬ ಲಕ್ಷಣವು ಇಲ್ಲಿ ಸಾಲದಾಗುತ್ತದೆ. ಉದ್ವೇಗಕರವಲ್ಲದ, ಸತ್ಯವೂ ಪ್ರಿಯವೂ ಹಿತವೂ ಆದ ನುಡಿಯನ್ನು ಗೀತೆಯ ಹದಿನೇಳನೆಯ ಅಧ್ಯಾಯವು ವಾಙ್ಮಯ ತಪಸ್ಸೆಂದು ಗಣಿಸುತ್ತದೆ. ತಪಸ್ಸಿಗೆ ಕರ್ತೃವೊಬ್ಬನು ಬೇಕು. ನಿನ್ನೆ ಹೀಗೆಂದವನೂ ಇಂದು ಹಾಗಲ್ಲವೆನ್ನುವವನೂ ತಾನೇ ಎಂದು ನಾಲ್ವರೆದುರು ಒಪ್ಪಿಕೊಳ್ಳುವವನೇ ಆ ಕರ್ತೃ. ಇದು ಕಷ್ಟವೆಂಬುದಕ್ಕೆ ಅಶೋಕನೇ ಸಾಕ್ಷಿ. ಕೆಲವೆಡೆ ಬರೆಹವು ಅಪೂರ್ಣವಾಗಿರಬಹುದು, ಲಿಪಿಕಾರನ ದೋಷವೂ ಅದಕ್ಕೆ ಕಾರಣವಿರಬಹುದು ಎಂದು ಹದಿನಾಲ್ಕನೆಯ ಮಹಾಶಿಲಾಶಾಸನದಲ್ಲಿ ಹೇಳಿಸಿದ ಆ ದೊರೆ, ಕಳಿಂಗಯುದ್ಧದ ಪಶ್ಚಾತ್ತಾಪವನ್ನು ಸಾರುವ ಹದಿಮೂರನೆಯದನ್ನು ಕಳಿಂಗದ ಧೌಲಿ, ಜೌಗಡಗಳಲ್ಲಿ ಮಾತ್ರ ಕೊರೆಯಿಸಲಿಲ್ಲ. ಆಡಳಿತದ ಜಾಣ್ಮೆ ಅದಕ್ಕೆ ಕಾರಣವಾಗಿದ್ದೀತು. ಆದರೂ ತಪ್ಪೊಪ್ಪಿಗೆಯನ್ನು ಮೊದಲು ಓದಬೇಕಾಗಿದ್ದವರು, ನೊಂದ ಆ ಜನರೇ.

ತಿದ್ದಿದುದು ಕಾಣಲೆಂದು ಹಳೆಯ ತಪ್ಪನ್ನು ಹಾಗೆಯೇ ಉಳಿಸಿದರೆ ನಿರಪರಾಧಿಯೊಬ್ಬನ ಮೇಲಿನ ಆರೋಪವೂ ಶಾಶ್ವತವಾಗಿ ಉಳಿಯದೆ ಎಂದು ಕೇಳುವವರುಂಟು, ನ್ಯಾಯವಾದ ಪ್ರಶ್ನೆಯೇ. ಖುಲಾಸೆಯಾದವನ ವಿಷಯದಲ್ಲಿ ಹಳೆಯ ಸುದ್ದಿಯ ನೆತ್ತಿಯ ಮೇಲೆಯೇ ಖುಲಾಸೆಯ ತೀರ್ಪನ್ನು ಬರೆಯುವುದು ಸತ್ಯಕ್ಕೂ ದಯೆಗೂ ಒಪ್ಪುವ ಮಾರ್ಗ.

ಹಳ್ಳಿಯ ಕ್ಷೀಣವಾದ ನೆಟ್‌ವರ್ಕಿನಲ್ಲಿಯೂ ಪುಟವು ಬೇಗ ತೆರೆಯಲಿ, ಅಕ್ಷರವು ಮುದುಕರ ಕಣ್ಣಿಗೂ ತೋರಲಿ. ಇವೆಲ್ಲ ಬೇಕಾದ ಸುಧಾರಣೆಗಳೇ. ಇವುಗಳ ಜೊತೆಗೆ ಮೊಳಕಾಲ್ಮೂರು, ಚಳ್ಳಕೆರೆ ತಾಲ್ಲೂಕುಗಳ ಪತ್ರಿಕಾಬಂಧುಗಳಲ್ಲಿ ನನ್ನದೊಂದು ವಿನಂತಿ: ಜಾಲತಾಣಕ್ಕೆ ಹೊಸ ವಿನ್ಯಾಸವನ್ನು ಮಾಡಿಸುವಾಗ, ಸುದ್ದಿಯನ್ನು ಎಂದು, ಎಷ್ಟು ಗಂಟೆಗೆ ಪ್ರಕಟಿಸಿದಿರಿ, ಆಮೇಲೆ ಏನನ್ನು ತಿದ್ದಿದಿರಿ ಎಂಬುದನ್ನು ಬರೆಯಲು ಶೀರ್ಷಿಕೆಯ ಕೆಳಗೇ ಒಂದು ಸಾಲಿನ ಜಾಗವನ್ನು ಬಿಡಿಸಿರಿ; ಜಾಹೀರಾತಿಗೆ ಜಾಗವನ್ನು ಆಮೇಲೆ ಅಳೆಯಿರಿ.