ಜಂತು ಬರುವ ದಾರಿ

ನಾಯಿಮರಿಯ ಹೊಟ್ಟೆ ಗುಡಾಣದಂತೆ ಉಬ್ಬಿದಾಗ "ಬೆಲ್ಲ, ಬಿಸ್ಕತ್ತು ಹೆಚ್ಚಾಯಿತು" ಎನ್ನುವವರು ಮನೆಗೊಬ್ಬರು ಇರುತ್ತಾರೆ. ಸಿಹಿಯಿಂದ ಹುಳು ಹುಟ್ಟದು. ಮೊಟ್ಟೆಯೋ ಮರಿಹುಳುವೋ ಎಲ್ಲಿಂದಲಾದರೂ ಒಳಹೊಕ್ಕಿರಲೇಬೇಕು. ಹೊಕ್ಕ ದಾರಿ ಮುಚ್ಚದೆ ಮದ್ದು ಕೊಟ್ಟರೆ ಹುಳು ಮರಳಿ ಬರುತ್ತದೆ ಎಂಬುದೇ ಇಲ್ಲಿನ ಪ್ರತಿಜ್ಞೆ.

ಮೊದಲ ದಾರಿ ತಾಯಿ. ದುಂಡುಹುಳುವಿನ ಮರಿಗಳು ದೊಡ್ಡ ನಾಯಿಯ ಮಾಂಸಖಂಡಗಳಲ್ಲಿ ಸದ್ದಿಲ್ಲದೆ ಮಲಗಿರುತ್ತವೆ. ಅದು ಗಬ್ಬವಾದಾಗ, ಸುಮಾರು 42ನೆಯ ದಿನದ ಹೊತ್ತಿಗೆ, ಎಚ್ಚೆತ್ತು ಗರ್ಭದ ಮರಿಗಳೊಳಗೆ ಇಳಿಯುತ್ತವೆ. ಕೊಕ್ಕೆಹುಳು ಮೊಲೆಹಾಲಿನ ಜೊತೆ ಬರುತ್ತದೆ. ಕಣ್ಣು ಬಿಟ್ಟು ವಾರವಷ್ಟೇ ಆದ ಮರಿಯ ಕರುಳಲ್ಲಿ ಬೆಳೆದ ಹುಳುಗಳಿರುವುದು ಹೀಗೆ.

ಆಕ್ಷೇಪ: ತಾಯಿಗೆ ಜಂತಿನ ಮಾತ್ರೆ ಕೊಟ್ಟಾಗಿದೆಯಲ್ಲ? ಕೊಟ್ಟದ್ದು ಸರಿ. ಆದರೆ ಸಾಮಾನ್ಯ ಮಾತ್ರೆ ಕೊಲ್ಲುವುದು ಕರುಳಿನ ಹುಳುವನ್ನು, ಮಾಂಸದಲ್ಲಿ ಮಲಗಿದ್ದನ್ನಲ್ಲ. ಆದಕಾರಣ ಮರಿಗೆ 2 ವಾರಕ್ಕೇ ಮೊದಲ ಮದ್ದು, 8 ವಾರ ತುಂಬುವವರೆಗೆ 15 ದಿನಕ್ಕೊಮ್ಮೆ, 6 ತಿಂಗಳವರೆಗೆ ತಿಂಗಳಿಗೊಮ್ಮೆ, ಆಮೇಲೆ 3 ತಿಂಗಳಿಗೊಮ್ಮೆ. ಹಾಲೂಡುವ ತಾಯಿಗೂ ಮರಿಗಳ ಜೊತೆಗೇ ಕೊಡಬೇಕು. ಲಸಿಕೆಯ ದಿನ ನೋಡೋಣ ಎಂದು ಕಾಯುವಷ್ಟರಲ್ಲಿ ಕೊಕ್ಕೆಹುಳು ಮರಿಯ ರಕ್ತ ಹೀರಿ ಮುಗಿಸಿರಬಹುದು. ವಸಡು ಬಿಳಿಚಿದ ಮರಿಯನ್ನು ಒಮ್ಮೆ ಕೈಯಲ್ಲಿ ಹಿಡಿದವರು ಮತ್ತೆ ಕಾಯಲಾರರು.

ಎರಡನೆಯ ದಾರಿ ನೆಲ. ಹೊಸದಾಗಿ ಬಿದ್ದ ಮಲದಲ್ಲಿನ ದುಂಡುಹುಳುವಿನ ಮೊಟ್ಟೆ ಅಂದೇ ಸೋಂಕು ತರದು. ಅದು ಮಣ್ಣಲ್ಲಿ ಮಾಗಲು ಎರಡು ಮೂರು ವಾರ ಬೇಕು, ಮಾಗಿದ ಮೇಲೆ ವರ್ಷಗಳೇ ಉಳಿಯುತ್ತದೆ. ದಿನದಿನವೂ ಮಲ ಎತ್ತಿದರೆ ನಾಯಿಯಷ್ಟೇ ಅಲ್ಲ, ಅದೇ ಅಂಗಳದಲ್ಲಿ ಆಡುವ ಮಗುವೂ ಉಳಿಯುತ್ತದೆ. ಮೊಟ್ಟೆಯೊಳಗಿನ ಮರಿಹುಳು ಮಗುವಿನ ಕಣ್ಣಿಗೂ ಹೋಗಬಲ್ಲದು. ಕೊಕ್ಕೆಹುಳುವಿಗೆ ಅಷ್ಟು ತಾಳ್ಮೆಯಿಲ್ಲ. ಬೆಚ್ಚಗಿನ ತೇವದಲ್ಲಿ ವಾರದೊಳಗೇ ಸಿದ್ಧವಾಗಿ ಪಾದದ ಚರ್ಮ ಕೊರೆದು ನುಗ್ಗುತ್ತದೆ. ಮಳೆಗಾಲದಲ್ಲಿ ನಾಯಿ ಮಲಗುವ ಜಾಗ ಒಣಗಿರಬೇಕೆನ್ನುವುದು ಇದಕ್ಕೇ.

"ನಮ್ಮ ನಾಯಿ ಹೊಸಿಲು ದಾಟದು" ಎಂಬುದು ಇನ್ನೊಂದು ಪೂರ್ವಪಕ್ಷ. ಚಿಗಟ ದಾಟುತ್ತದಲ್ಲ! ಮೈ ಕಚ್ಚಿಕೊಳ್ಳುವಾಗ ನಾಯಿ ಚಿಗಟ ನುಂಗುತ್ತದೆ, ಅದರೊಳಗಿನ ಲಾಡಿಹುಳು ಕರುಳು ಸೇರುತ್ತದೆ. ಬಾಲದ ಬುಡದಲ್ಲಿ ಅಕ್ಕಿಕಾಳಿನಂತೆ ಅಂಟಿರುವುದು ಅದರ ತುಂಡು. ಮಾತ್ರೆ ಕೊಟ್ಟು ಹಾಸಿಗೆಯ ಚಿಗಟ ಬಿಟ್ಟರೆ ಮೂರು ವಾರದಲ್ಲಿ ಮತ್ತೆ ಅದೇ ಕಥೆ.

ಜಾತ್ರೆಯ ಬಾಡೂಟದಲ್ಲಿ ನೀರುಗುಳ್ಳೆಯಿರುವ ಕುರಿಯ ಪಿತ್ತಜನಕಾಂಗ, ಶ್ವಾಸಕೋಶಗಳನ್ನು ನಾಯಿಗೆ ಎಸೆಯುವುದು ಬೇರೆಯೇ ಅಪಾಯ. ಆ ಗುಳ್ಳೆ ನಾಯಿಯಲ್ಲಿ ಪುಟ್ಟ ಲಾಡಿಹುಳುವಾಗುತ್ತದೆ, ಅದರ ಮೊಟ್ಟೆ ಮನುಷ್ಯನಲ್ಲಿ ಮತ್ತೆ ಗುಳ್ಳೆಯಾಗುತ್ತದೆ. ಅಂಥ ಅಂಗಗಳನ್ನು ಆಳವಾಗಿ ಹೂಳಿ ಅಥವಾ ಸುಟ್ಟುಬಿಡಿ.

ಮಲದಲ್ಲಿ ಹುಳು ಕಾಣದಿದ್ದರೆ? ಮೊಟ್ಟೆ ಬರಿಗಣ್ಣಿಗೆ ಕಾಣದು. ಪಶುವೈದ್ಯರು ಸೂಕ್ಷ್ಮದರ್ಶಕದಲ್ಲಿ ನೋಡಿ ಹೇಳುತ್ತಾರೆ. ಮದ್ದಿನ ಬದಲು ಬೆಳ್ಳುಳ್ಳಿ ಸಾಲದೇ? ಅದು ನಾಯಿಯ ಕೆಂಪು ರಕ್ತಕಣಗಳನ್ನೇ ಒಡೆಯುತ್ತದೆ. ದನಕ್ಕೆ ತಂದ ಐವರ್‌ಮೆಕ್ಟಿನ್ ಉಳಿದಿದೆಯೆಂದು ನಾಯಿಗೆ ಚುಚ್ಚಬೇಡಿ; ಕೋಲಿಯಂಥ ನಾಯಿತಳಿಗಳಲ್ಲಿ ಅದು ಮಿದುಳಿಗೇರಿ ಜೀವ ತೆಗೆಯಬಹುದು. ಮದ್ದಿನ ಅಳತೆ ತೂಕದ ಮೇಲೆ ನಿಂತಿದೆ. ಮರಿಯನ್ನೆತ್ತಿಕೊಂಡು ತಕ್ಕಡಿ ಹತ್ತಿ, ನಿಮ್ಮ ತೂಕ ಕಳೆದು, ಆ ಸಂಖ್ಯೆಯನ್ನು ವೈದ್ಯರಿಗೆ ಹೇಳಿ.